ಒಂದು ಬೇಲಿ, ಮೂರು ಪಾಠ

ಹೊಸೂರು ಹತ್ತಿರದ ತೊರಪಲ್ಲಿಯ ಸುತ್ತ ನನ್ನನ್ನು 'ಬಿಡಿಸಿ ಹೇಳೋ ಅಂಜನಪ್ಪ' ಅನ್ನುತ್ತಾರೆ. ಎಂಥ ಗಂಟು ವಿಷಯವಾದರೂ ಕೇಳುವವರ ತಲೆಗೆ ತಕ್ಕಂತೆ ಬಿಡಿಸಿ ಹೇಳುವುದು ನನ್ನ ಚಟ. ಆಫೀಸರು ತಮಿಳಿನಲ್ಲಿ ಹೇಳಿದ್ದನ್ನು ಒಬ್ಬರಿಗೆ ತೆಲುಗಿನಲ್ಲಿ, ಇನ್ನೊಬ್ಬರಿಗೆ ಕನ್ನಡದಲ್ಲಿ ದಾಟಿಸುತ್ತೇನೆ. ದಾಟಿಸುವಾಗ ಸ್ವಲ್ಪ ಒಗ್ಗರಣೆಯೂ ಬೀಳುತ್ತದೆ. ಒಂದು ಸಲ ನಮ್ಮ ಎತ್ತಿಗೆ ಗ್ರಹಣದ ವಿಚಾರ ಹೇಳಿದೆ. ಗ್ರಹಣ ಬಿಡುವ ತನಕ ಅದು ಹುಲ್ಲು ಮುಟ್ಟಲಿಲ್ಲ. ಹುಲ್ಲು ಹಾಕಲು ನಾನೇ ಮರೆತಿದ್ದೆ ಅಂತ ನನ್ನ ಹೆಂಡತಿ ರಾಮಕ್ಕ ಹೇಳುತ್ತಾಳೆ. ಅವಳಿಗೆ ವಿಜ್ಞಾನ ತಿಳಿಯದು.

ಈ ವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ ಸಾನಮಾವು ಕಾಡಿನಿಂದ ಒಂದು ಆನೆ ಇಳಿಯಿತು. ಹೊಲಕ್ಕೆ ಸೋಲಾರ್ ಬೇಲಿ ಹಾಕಿಸಿದೆ. ತಂತಿಯಲ್ಲಿ ಕರೆಂಟು ಬಿಟ್ಟು ಬಿಟ್ಟು ಹರಿಯುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ, ಪ್ರಾಣ ಹೋಗುವುದಿಲ್ಲ ಅಂತ ಹಾಕಲು ಬಂದವನು ಹೇಳಿದ. ಅಷ್ಟನ್ನೇ ಎಲ್ಲರಿಗೂ ಹೇಳಿಬಿಟ್ಟರೆ ನನ್ನ ಹೆಸರಿಗೆ ಏನು ಬೆಲೆ?

ಪಕ್ಕದ ಹೊಲದ ಪಾಪಯ್ಯನಿಗೆ ತನ್ನ ಹಸುವಿನ ಚಿಂತೆ. ಅವನಿಗೆ, ಸೊಳ್ಳೆ ಕಚ್ಚಿದಷ್ಟೇ ಅಂದೆ. ಹತ್ತನೇ ಕ್ಲಾಸು ಓದುವ ಮೊಮ್ಮಗಳು ನಾಗವೇಣಿಗೆ ವೋಲ್ಟನ್ನು ಬಾವಿಗೆ, ಆಂಪಿಯರನ್ನು ಬಿಂದಿಗೆಗೆ ಹೋಲಿಸಿದೆ. ಅವಳು ನಕ್ಕು ಪುಸ್ತಕ ತೆಗೆದಳು. ರಾಮಕ್ಕನೋ, ಎಲ್ಲಿ ತಂತಿ ಕಂಡರೂ ಒದ್ದೆ ಸೀರೆ ಒಣಹಾಕುವವಳು. ಅವಳು ಹತ್ತಿರ ಸುಳಿಯಬಾರದೆಂದು, ಮುಟ್ಟಿದರೆ ಆನೆಯೂ ಸುಟ್ಟ ಬದನೆಕಾಯಿ ಆಗುತ್ತದೆ ಅಂದೆ. ಯಾರಿಗೆ ಎಷ್ಟು ಬೇಕೋ ಅಷ್ಟು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾರನೇ ಬೆಳಿಗ್ಗೆ ತಂತಿ ಕಿತ್ತು ಬಿದ್ದಿತ್ತು. ಹೊಲದ ಒಂದು ಮೂಲೆ ಚಾಪೆ ಹಾಸಿದಂತೆ ಮಲಗಿತ್ತು. ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆಯ ಸ್ವಿಚ್ಚು ಆರಿತ್ತು. ಹೊಸೂರಿನ ಫ್ಯಾಕ್ಟರಿಗಳ ಪಕ್ಕ ಓಡಾಡಿ ಓಡಾಡಿ ಆನೆಗಳು ಸ್ವಿಚ್ಚು ಒತ್ತುವುದನ್ನು ಕಲಿತಿವೆ ಅಂತ ನಾನು ಪಾಪಯ್ಯನಿಗೆ ವಿವರಿಸುತ್ತಿದ್ದಾಗ ರಾಮಕ್ಕ ಬಂದು, ಆರಿಸಿದ್ದು ತಾನೇ ಅಂದಳು.

"ಗಣಪನ್ನ ಸುಟ್ಟು ಉಳ್ಸಿದ ರಾಗಿ ಮುದ್ದೆ ನನ್ ಗಂಟ್ಲಲ್ಲಿ ಇಳೀತದಾ?"

"ಸೊಳ್ಳೆ ಕಚ್ಚಿದಂಗೆ ಅಂದ್ಯಲ್ಲ ಅಂಜಣ್ಣ?" ಅಂದ ಪಾಪಯ್ಯ.

ಇಬ್ಬರೂ ನನ್ನ ಮುಖ ನೋಡಿದರು. ಆಗ ನಿಜ ಹೇಳಿದೆ. ನಿಜ ಹೇಳಿ ಅಭ್ಯಾಸವಿಲ್ಲದ್ದರಿಂದಲೋ ಏನೋ, ಇಬ್ಬರೂ ನಂಬಲಿಲ್ಲ. ಸಂಜೆಗೆ ಸ್ವಿಚ್ಚು ಹಾಕಲು ಬಿಡುವುದಿಲ್ಲ ಅಂತ ರಾಮಕ್ಕ ಆಗಲೇ ಪೆಟ್ಟಿಗೆಯ ಮುಂದೆ ಕೂತಳು. ಹಾಕದಿದ್ದರೆ ಉಳಿದ ರಾಗಿಯೂ ಹೋಗುತ್ತದೆ. ಮನೆಯ ವರ್ಷದ ಮುದ್ದೆ ನಿಂತಿದ್ದು ಅದೇ ಹೊಲದಲ್ಲಿ.

ಪಾಪಯ್ಯನನ್ನು ಜೊತೆಗೆ ಸೇರಿಸಿಕೊಂಡು ತಂತಿ ಬಿಗಿದೆ. ಮತ್ತೆ ವಿವರಿಸಲು ಬಾಯಿ ತೆರೆದೆ. ರಾಮಕ್ಕ ಕೈ ಅಡ್ಡ ಹಿಡಿದಳು.

"ಸಾಯಲ್ಲ ಅಂದ್ರೆ ನೀನೇ ಮುಟ್ಟು. ನೀನ್ ಬದ್ಕಿದ್ರೆ ಗಣಪನೂ ಬದ್ಕ್ತಾನೆ."

ಸ್ವಿಚ್ಚು ಹಾಕಿ ಮುಟ್ಟಿದೆ. ಬಾಗಲೂರಿನ ತನಕ ಹಾರಿದೆ, ಅಲ್ಲಿ ಟೀ ಕುಡಿದು ವಾಪಸ್ ಬಂದೆ ಅಂತ ನಾನು ಹೇಳುತ್ತೇನೆ. ಅವರೆ ಗಿಡದ ಸಾಲಿನ ಮೇಲೆ ಕುಕ್ಕರಿಸಿದ ಅಂತ ಪಾಪಯ್ಯ ಹೇಳುತ್ತಾನೆ. ನಾನು ಹೊರಡಿಸಿದ ಸದ್ದಿಗೆ ಅವನ ಹಸು ಹಗ್ಗ ಕಿತ್ತುಕೊಂಡು ಓಡಿತು, ಇದಕ್ಕೆ ಮಾತ್ರ ಸಾಕ್ಷಿ ಇದೆ. ರಾಮಕ್ಕ ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಸಾಯಲ್ಲ ಕಣಪ್ಪ," ಅಂದಳು ಪಾಪಯ್ಯನಿಗೆ. "ಬುದ್ಧಿ ಬತ್ತದೆ, ಅಷ್ಟೇ."

ಹಗಲು ಆರಿಸಿಟ್ಟಿದ್ದ ಸ್ವಿಚ್ಚನ್ನು ಸಂಜೆ ಅವಳೇ ಕೈಮುಗಿದು ಹಾಕಿದಳು. ಬೆಳಿಗ್ಗೆ ನೋಡಿದರೆ ಆನೆಯ ಹೆಜ್ಜೆ ತಂತಿಯ ತನಕ ಬಂದು, ಅಲ್ಲಿಂದ ದೊಡ್ಡ ದೊಡ್ಡ ದಾಪುಗಾಲಲ್ಲಿ ಕಾಡಿನ ಕಡೆ ಹೋಗಿತ್ತು. ರಾಗಿ ಉಳಿಯಿತು. ನನ್ನಂತೆ ಅದಕ್ಕೂ ಒಂದೇ ಪಾಠ ಸಾಕಾಗಿತ್ತು.

ಈಗ ಅಕ್ಕಪಕ್ಕದ ಊರವರು ಬೇಲಿ ವಿಚಾರ ಕೇಳಲು ಬರುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಸೂರ್ಯನಿಂದ ಶುರುಮಾಡುವಷ್ಟರಲ್ಲಿ ರಾಮಕ್ಕ ಒಳಗಿನಿಂದಲೇ ಕೂಗುತ್ತಾಳೆ:

"ಮಾತು ಬ್ಯಾಡ. ಒಂದ್ಕಿತ ಮುಟ್ಟಿ ತೋರ್ಸ್ಬುಡು."