ಗಂಗಕ್ಕನಿಗೆ ಹೋದ ಕರೆ

ಯಂತ್ರದೊಳಗೆ ನಾವು ತುಂಬಿದ್ದಷ್ಟೇ ಹೊರಗೆ ಬರುತ್ತದೆ ಎಂದು ನಂಬಿದ್ದವಳು ನಾನು. ಶಕುನ, ಸೂಚನೆ ಎಂದವರನ್ನು ಕಂಡು ನಕ್ಕಿದ್ದೂ ಉಂಟು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಶಿರಸಿಯ ವಕೀಲರ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ನೋಡಿಕೊಳ್ಳುತ್ತೇನೆ. ಕೇಸಿನ ತಾರೀಖನ್ನು ಕಕ್ಷಿದಾರರಿಗೆ ತಾನಾಗಿಯೇ ಫೋನ್ ಮಾಡಿ ತಿಳಿಸುವ ವ್ಯವಸ್ಥೆಯನ್ನು ಆಗಷ್ಟೇ ಮಾಡಿದ್ದೆವು. ಅದರಲ್ಲಿದ್ದದ್ದು ನನ್ನದೇ ಧ್ವನಿ.

ಇಡಗುಂದಿಯ ಗಂಗಕ್ಕ ನಮ್ಮ ಕಕ್ಷಿದಾರರು. ಅವರ ಮಗ ಮನೆಬಿಟ್ಟು ಹೋಗಿ ವರ್ಷಗಳಾಗಿದ್ದವು. ತನ್ನ ಗಂಡ ಸತ್ತಿದ್ದಾನೆಂದು ಘೋಷಿಸಿ ಆಸ್ತಿಯಲ್ಲಿ ಪಾಲು ಕೊಡಿಸಿ ಎಂದು ಸೊಸೆ ದಾವೆ ಹೂಡಿದ್ದಳು. ಮಗ ಬದುಕಿದ್ದಾನೆ ಎಂಬುದೊಂದೇ ಗಂಗಕ್ಕನ ಉತ್ತರ.

ಕೇಸಿನ ತಾರೀಖಿದ್ದ ದಿನ ಯಲ್ಲಾಪುರದ ಕೋರ್ಟಿಗೆ ನಾನೂ ಹೋಗಿದ್ದೆ. ಗಂಗಕ್ಕ ಒಳ್ಳೆಯ ಸೀರೆ ಉಟ್ಟು, ಡಬ್ಬಿಯಲ್ಲಿ ಸಿಹಿ ತೊಡದೇವು ತುಂಬಿಕೊಂಡು ಬಂದಿದ್ದರು. ನನ್ನ ಕೈ ಹಿಡಿದು ಹೇಳಿದರು: "ನಿನ್ನ ಫೋನು ಬಂತು ತಂಗೀ. ಮಗ ಇವತ್ತು ಕೋರ್ಟಿಗೆ ಬತ್ತ ಹೇಳಿ ಹೇಳಿದೆ ಅಲ್ದಾ?"

ತಾರೀಖು ಬಿಟ್ಟು ಬೇರೇನೂ ಹೇಳಿಲ್ಲ ಎಂದರೂ ಅವರು ಕೇಳಲಿಲ್ಲ. ನಮ್ಮ ಹಿರಿಯ ವಕೀಲರು ಎಲ್ಲರೆದುರೇ ನಕ್ಕುಬಿಟ್ಟರು. "ಎಂತದಿದು, ಕಂಪ್ಯೂಟರಿಗೆ ಜ್ಯೋತಿಷ್ಯ ಬೇರೆ ಕಲಿಸಿದ್ಯಾ?"

ಕೇಸು ಕೂಗಿದಾಗ ಸೊಸೆಯ ಕಡೆಯವರು ಪೊಲೀಸರೊಬ್ಬರನ್ನು ಸಾಕ್ಷಿಗೆ ಕರೆದರು. ಕಾಡಿನಲ್ಲಿ ಮೂಳೆಗಳು ಸಿಕ್ಕ ಸಂಗತಿ ಹೇಳಿ, ಅವರು ಪ್ಲಾಸ್ಟಿಕ್ ಚೀಲದಿಂದ ಕಪ್ಪಾದ ಬೆಳ್ಳಿಯ ಉಡಿದಾರ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಮಗನಿಗೆ ಮಾಡಿಸಿದ್ದು ಗಂಗಕ್ಕನೇ. ಅವರು ಅಳಲಿಲ್ಲ. ಡಬ್ಬಿ ಕೈಜಾರಿ ಬಿತ್ತು.

ಹೊರಗೆ ಬಂದಾಗ ಸೊಸೆ ಹತ್ತಿರ ಬಂದು ಮೆಲ್ಲಗೆ ಅಂದಳು: "ಬಂದ್ರಲ್ಲ ಅತ್ತೆ ನಿಮ್ಮ ಮಗ. ಕರ್ಕೊಂಡು ಹೋಗಿ."

ಪ್ರತಿ ಕರೆಯ ಧ್ವನಿಯೂ ನಮ್ಮಲ್ಲಿ ಮುದ್ರಣವಾಗಿ ಉಳಿಯುತ್ತದೆ. ಸಂಜೆ ಕಚೇರಿಯಲ್ಲಿ ಗಂಗಕ್ಕನಿಗೆ ಹೋದ ಕರೆಯನ್ನು ಹಾಕಿ ಕೇಳಿದೆ. ಕೋರ್ಟಿನ ಹೆಸರು, ತಾರೀಖು, ನಮಸ್ಕಾರ, ಅಷ್ಟೇ. ನಾನು ಬನವಾಸಿ ಕಡೆಯವಳು, 'ಬರುತ್ತಾನೆ' ಎನ್ನಲು ಗಂಗಕ್ಕನ ಹಾಗೆ 'ಬತ್ತ' ಎಂಬ ಮಾತು ನನ್ನ ಬಾಯಲ್ಲಿ ಹೊರಡುವುದೇ ಇಲ್ಲ.

ತೀರ್ಪು ಸೊಸೆಯ ಪರವಾಯಿತು. ಆಮೇಲೊಂದು ದಿನ ಗಂಗಕ್ಕ ಕಚೇರಿಗೆ ಬಂದು, ಆ ಕರೆಯನ್ನು ಇನ್ನೊಮ್ಮೆ ಕೇಳಿಸು ಎಂದರು. ಅವರ ಭ್ರಮೆಯಾದರೂ ಕಳೆಯಲೆಂದು ಕೇಳಿಸಿದೆ. ನನ್ನ ಕಿವಿಗೆ ಬಿದ್ದದ್ದು ತಾರೀಖು. ಅವರ ಮುಖ ಅರಳಿತು.

"ಕೇಳು ತಂಗೀ, ನೀನೇ ಹೇಳ್ತಾ ಇದ್ದೆ. ಮಗ ಬತ್ತ ಹೇಳಿ."

ಅವರಿಗೆ ಕೇಳಿಸಿದ್ದು ಎಲ್ಲಿಂದ ಬಂತು, ಅದೇ ದಿನ ಆ ಉಡಿದಾರ ಕೋರ್ಟಿಗೆ ಬಂದದ್ದು ಹೇಗೆ, ನನಗಿನ್ನೂ ತಿಳಿದಿಲ್ಲ. ಆ ಕರೆಗಳಲ್ಲಿ ಈಗ ಬೇರೆಯವರ ಧ್ವನಿಯಿದೆ. ಗಂಗಕ್ಕ ಮಾತ್ರ ಆಗೀಗ ನನಗೇ ಫೋನ್ ಮಾಡಿ, ಮಗ ಮತ್ತೆ ಯಾವಾಗ ಬರುತ್ತಾನೆಂದು ಕೇಳುತ್ತಾರೆ.