ಅಂಚು ಕತ್ತರಿಸದ ಪುಸ್ತಕ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ರಟ್ಟಮ್ಮ ಎಂದೇ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಅವಳ ಹೆಸರನ್ನೇ ನುಂಗಿ ನೀರು ಕುಡಿದಿತ್ತು. ನಾಲ್ಕು ಹೆಜ್ಜೆ ಅಗಲದ ಅಂಗಡಿ, ಒಳಗೊಂದು ಉದ್ದನೆಯ ಮೇಜು, ಗೋಡೆಗೆ ಒತ್ತಿಕೊಂಡು ನಿಂತ ಕಟಿಂಗ್ ಮಷಿನ್, ಸಣ್ಣ ಒಲೆಯ ಮೇಲೆ ಸದಾ ಬೆಚ್ಚಗಿರುವ ಅಂಟಿನ ಡಬ್ಬಿ. ಮಧ್ಯಾಹ್ನ ಎರಡು ಗಂಟೆಗೆ ಕಿಟಕಿಯ ಬಿಸಿಲು ಬಂದು ಮೇಜಿನ ಮೇಲೆ ಕೂರುತ್ತಿತ್ತು. ಅದರಲ್ಲಿ ಕಾಗದದ ಧೂಳು ತೇಲುವುದನ್ನು ನೋಡುತ್ತಾ ನೋಡುತ್ತಾ ರಟ್ಟಮ್ಮ ಎಷ್ಟೋ ಸಲ ತಾನು ಯಾವ ವರ್ಷದಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಿದ್ದಳು. ಅರವತ್ತೆಂಟು ತುಂಬಿದವಳಿಗೆ ಅಷ್ಟೂ ಸ್ವಾತಂತ್ರ್ಯ ಬೇಡವೇ?

ಕೆಲಸ ಕಲಿಸಿದವನು ಅಪ್ಪ. ಯೇಸುವಿನ ಹಿಂದೆ ನಡೆಯುವುದನ್ನು ಕಲಿಸಿದವನೂ ಅವನೇ, ಅದೇ ಮೇಜಿನ ಮುಂದೆ. ಬೆಳಿಗ್ಗೆ ಅಂಟು ಕರಗುವ ಹೊತ್ತಿಗೆ ವೇದಪುಸ್ತಕದಿಂದ ಐದಾರು ಸಾಲು ಓದಬೇಕು. ಅರ್ಥವಾಯಿತೇ ಎಂದು ಅಪ್ಪ ಕೇಳುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚುವ ಮುಂಚೆ, ಓದಿದ್ದರಲ್ಲಿ ಏನನ್ನು ಮಾಡಿದೆವು ಎಂದು ಆ ಸಾಲಿನ ಪಕ್ಕದ ಅಂಚಿನಲ್ಲಿ ಬರೆಯಬೇಕಿತ್ತು. ಮಾಡಿದ್ದು ಮಾತ್ರ, ಅನಿಸಿದ್ದಲ್ಲ. ಈ ಪದ್ಧತಿ ಶುರು ಮಾಡಿದವಳು ಅಪ್ಪನ ಅಮ್ಮ, ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವಳು. ಶತ್ರುವನ್ನು ಪ್ರೀತಿಸಬೇಕೆಂಬ ಮಾತಿನ ಪಕ್ಕದಲ್ಲಿ ಅವಳ ನೇರಳೆ ಪೆನ್ಸಿಲು ಹೀಗೆ ಬರೆದಿತ್ತು: ‘ಮೇಲ್ವಿಚಾರಕಿಗೆ ಇವತ್ತು ಕುಡಿಯಲು ನೀರು ಕೊಟ್ಟೆ. ಮನಸ್ಸಿಲ್ಲದೆ.’ ಮನಸ್ಸಿನ ಮಾತು ನಿಯಮಕ್ಕೆ ಹೊರಗಿನದು, ನಿಜ. ಆದರೆ ನಿಯಮ ಮಾಡಿದವಳೇ ಮುರಿದರೆ ಕೇಳುವವರು ಯಾರು? ಚಿಂತೆ ಮಾಡಬೇಡಿ ಎಂಬಲ್ಲಿ ಅಪ್ಪನ ಕೈಬರಹವಿತ್ತು: ‘ಮಾಡಿದೆ. ನಿನ್ನೆಗಿಂತ ಕಡಿಮೆ.’

ರಟ್ಟಮ್ಮನ ಮಗಳಿಗೆ ಇದೆಲ್ಲ ರುಚಿಸಲಿಲ್ಲ. ಮೊಮ್ಮಗಳಿಗೆ ರುಚಿಸಿತು. ಎರಡು ವರ್ಷದಿಂದ ಕಾಲೇಜಿಗೆ ಹೋಗುವ ಮುಂಚೆ ಅವಳು ಅಂಗಡಿಗೆ ಬಂದು ಅಜ್ಜಿಯ ಪಕ್ಕ ಕೂತು ಓದುತ್ತಾಳೆ, ಸಂಜೆ ಬಂದು ತನ್ನದೊಂದು ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. ಬರುವ ಭಾನುವಾರ ಅವಳು ಚರ್ಚಿನ ಸಭೆಯ ಮುಂದೆ ನಿಂತು, ಇದು ನನ್ನ ನಂಬಿಕೆ ಎಂದು ತನ್ನ ಬಾಯಿಂದಲೇ ಹೇಳುವವಳಿದ್ದಳು. ಅವತ್ತು ಮೂರು ತಲೆಮಾರಿನ ಬರಹವಿದ್ದ ಆ ವೇದಪುಸ್ತಕ ಅವಳ ಕೈಗೆ ಹೋಗಬೇಕೆಂದು ಮಾತಾಗಿತ್ತು. ಬೆನ್ನು ಕಿತ್ತು ಹಾಳೆಗಳು ಜೋಲಾಡುತ್ತಿದ್ದವು, ಅದಕ್ಕೆ ರಟ್ಟಮ್ಮ ಹಳೆಯ ಹೊಲಿಗೆ ಬಿಚ್ಚಿ ಹೊಸದಾಗಿ ಕಟ್ಟಲು ಕೂತಿದ್ದಳು.

ಕಷ್ಟವೆಲ್ಲ ಇದ್ದದ್ದು ಒಂದೇ ಒಂದು ಪುಟದಲ್ಲಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಒಡಹುಟ್ಟಿದವರ ಜೊತೆ ರಾಜಿಯಾಗಿ ಬಾ ಎಂದು ಯೇಸು ಹೇಳುವ ಪುಟ ಅದು. ಅದರ ಅಂಚಿನಲ್ಲಿ ರಟ್ಟಮ್ಮನ ಅಕ್ಷರದಲ್ಲಿ ‘ನಾಳೆ’ ಎಂದಿತ್ತು. ಅದರ ಕೆಳಗೆ ಮತ್ತೆ ‘ನಾಳೆ’. ವರ್ಷಕ್ಕೊಂದರಂತೆ ಹತ್ತೊಂಬತ್ತು.

ನಡೆದದ್ದು ಇಷ್ಟೇ. ಅಪ್ಪ ತೀರಿಕೊಂಡ ಬೆಳಿಗ್ಗೆ, ತಂಗಿ ಬಂದು ತಲುಪುವ ಮೊದಲೇ, ರಟ್ಟಮ್ಮ ದಿಂಬಿನ ಪಕ್ಕದಲ್ಲಿದ್ದ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಅಪ್ಪ ಅದನ್ನು ಇಬ್ಬರಿಗೂ ಓದಿಸಿದ್ದ, ತನ್ನ ನಂತರ ಅದು ಯಾರಿಗೆಂದು ಹೇಳಿರಲಿಲ್ಲ. ತಂಗಿ ಕೇಳಿದಳು. ಅಂಗಡಿ ನಡೆಸುವವಳು ನಾನು, ಪುಸ್ತಕವೂ ಅಂಗಡಿಯದೇ ಎಂದು ಇವಳು ವಾದ ಹೂಡಿದಳು. ತಂಗಿ ಎದ್ದು ಹೋದವಳು ಬೇರೆ ಸಭೆ ಸೇರಿದಳು. ಜಗಳವಾಡಬೇಡಿ ಎನ್ನುವ ಪುಸ್ತಕಕ್ಕಾಗಿಯೇ ಜಗಳವಾಡಿ ಮಾತು ಬಿಟ್ಟ ಅಕ್ಕತಂಗಿಯರು, ನಾಲ್ಕು ಬೀದಿಗಳ ಅಂತರದಲ್ಲಿ ಮುದುಕಿಯರಾದರು.

ಮೊಮ್ಮಗಳ ಜೊತೆ ಓದುವಾಗ ಆ ಪುಟ ಹತ್ತಿರ ಬಂದರೆ ರಟ್ಟಮ್ಮ ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತಿದ್ದಳು. ಭಾನುವಾರದಿಂದ ಹಾಳೆ ಮಗುಚುವ ಕೈ ಮೊಮ್ಮಗಳದು. ಹುಡುಗಿ ನೋಡುತ್ತಾಳೆ. ಎರಡು ವರ್ಷ ನನಗೆ ಪಾಠ ಹೇಳಿದವಳು ಇವಳೇನಾ ಎನ್ನುತ್ತಾಳೆ.

ಆದರೆ ರಟ್ಟು ಹಾಕುವವಳಿಗೆ ಇದಕ್ಕೆ ಉಪಾಯವಿಲ್ಲವೇ? ಹೊಲಿದು ಅಂಟು ಹಾಕಿದ ಮೇಲೆ ಎಲ್ಲ ಪುಸ್ತಕಕ್ಕೂ ಅಂಚು ಸಮ ಮಾಡುವುದು ಇದ್ದದ್ದೇ. ಒಂದು ಬೆರಳಿನಷ್ಟು ಕತ್ತರಿಸಿದರೆ ಹತ್ತೊಂಬತ್ತು ನಾಳೆಗಳೂ ಕಸದ ಬುಟ್ಟಿಗೆ. ಚೊಕ್ಕವಾಗಿ ಕಟ್ಟಿದ್ದೀಯ ಎಂದು ಜನ ಹೊಗಳುವುದೂ ಉಂಟು. ಮೊದಲು ಅಳತೆ ನೋಡೋಣವೆಂದು ಅವಳು ಬಿಡಿ ಹಾಳೆಗಳನ್ನೇ ಜೋಡಿಸಿ ಮಷಿನ್ನಿನೊಳಗೆ ಇಟ್ಟು, ಅವನ್ನು ಅದುಮಿ ಹಿಡಿಯುವ ಒತ್ತುಹಲಗೆ ಇಳಿಸಿ, ಬ್ಲೇಡಿನ ಹಿಡಿಯ ಮೇಲೆ ಕೈ ಇಟ್ಟಳು.

ಬಿಸಿಲು ಮೇಜಿನಿಂದ ಇಳಿದು ಅವಳ ಮುಂಗೈಗೆ ಬಂದಿತ್ತು. ಅಂಟಿನ ವಾಸನೆ, ಬೆಚ್ಚಗಿನ ಮಂಪರು. ಹಿಡಿಯ ಮೇಲಿದ್ದ ಕೈ ತನ್ನದೋ ಅಪ್ಪನದೋ ಎಂಬುದು ಒಂದು ಕ್ಷಣ ತಿಳಿಯಲಿಲ್ಲ. ಅವೇ ಗಿಡ್ಡ ಬೆರಳುಗಳು, ಉಗುರಿನ ಸಂದಿಯಲ್ಲಿ ಅದೇ ಒಣಗಿದ ಅಂಟು. ಆ ಕೈಯ ಹಿಂದೆ ಬಟ್ಟೆ ಒಗೆದು ಬಿಳಿಚಿದ ಇನ್ನೊಂದು ಕೈಯೂ ಇದ್ದಂತೆ, ಮೂರೂ ಸೇರಿ ಒಂದೇ ಹಿಡಿಯನ್ನು ಹಿಡಿದಂತೆ ಅನಿಸಿತು. ಬ್ಲೇಡಿಗೆ ಬೇಕಾದ ಪುಟ, ಬೇಡವಾದ ಪುಟ ಎಂದಿರುವುದಿಲ್ಲ. ಅದು ಇಳಿದರೆ ಮೇಲ್ವಿಚಾರಕಿಯ ನೀರೂ ಹೋಗುತ್ತದೆ, ಅಪ್ಪನ ಚಿಂತೆಯೂ ಹೋಗುತ್ತದೆ.

ಆಗ ಅವಳಿಗೆ ಹೊಳೆಯಿತು. ಊರಿಗೇ ಒಳ್ಳೆಯ ಕೈ ಎನಿಸಿಕೊಂಡಿದ್ದ ಅಪ್ಪ ಈ ಪುಸ್ತಕವನ್ನು ಎರಡು ಸಲ ಹೊಸದಾಗಿ ಕಟ್ಟಿದ್ದ. ಎರಡು ಸಲವೂ ಅಂಚು ಕತ್ತರಿಸಿರಲಿಲ್ಲ. ಊರ ಪುಸ್ತಕವೆಲ್ಲ ನೀಟು, ಮನೆಯ ಪುಸ್ತಕ ಮಾತ್ರ ಒಡ್ಡೊಡ್ಡು ಎಂದು ಅಕ್ಕತಂಗಿಯರು ಅವನನ್ನು ಗೇಲಿ ಮಾಡುತ್ತಿದ್ದರು. ಅಪ್ಪನಿಗೂ ಮುಚ್ಚಿಡಬೇಕಾದ ಪುಟಗಳಿದ್ದವು. ಅವನು ಮುಚ್ಚಿಡಲಿಲ್ಲ. ಇಷ್ಟು ವರ್ಷ ಅದನ್ನು ಸೋಮಾರಿತನವೆಂದುಕೊಂಡದ್ದಕ್ಕೆ ರಟ್ಟಮ್ಮನಿಗೆ ನಾಚಿಕೆಯಾಯಿತು.

ಒತ್ತುಹಲಗೆ ಮೇಲೆತ್ತಿದಳು. ಬಿಡಿ ಹಾಳೆಗಳನ್ನೆಲ್ಲ ಒಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಅಂಗಡಿಯ ಬಾಗಿಲು ಎಳೆದು ನಡೆದಳು. ಹತ್ತೊಂಬತ್ತು ವರ್ಷ ದೂರವಿದ್ದ ನಾಲ್ಕು ಬೀದಿಗಳು ಹತ್ತು ನಿಮಿಷದಲ್ಲಿ ಮುಗಿದುಹೋದವು.

ತಂಗಿ ಪರದೆ ಹೊಲಿಯುವವಳು. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಾಗಿಲು ತೆಗೆದಳು. ಅಕ್ಕನನ್ನು ನೋಡಿದಳು, ಬಿಳಿ ಗಂಟನ್ನು ನೋಡಿದಳು.

"ಯಾರು ಹೋದ್ರು?" ಎಂದಳು.

"ಯಾರೂ ಇಲ್ಲ. ನಾನೇ ಬಂದೆ."

ಒಳಗೆ ಮೇಜಿನ ಮೇಲೆ ಗಂಟು ಬಿಚ್ಚಿ, ಅವತ್ತು ನಾನು ಕದ್ದೆ, ತಪ್ಪು ನಂದು ಎಂದು ರಟ್ಟಮ್ಮ ಒಂದೇ ಉಸಿರಿಗೆ ಹೇಳಿಬಿಟ್ಟಳು. ತಂಗಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಅಪ್ಪನ ಅಕ್ಷರ ಸಿಕ್ಕಲ್ಲೆಲ್ಲ ಅವಳ ಬೆರಳು ನಿಲ್ಲುತ್ತಿತ್ತು. ಆ ಪುಟವೂ ಬಂತು. ಅವಳು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು.

"ಅಪ್ಪ ನನಗೂ ಓದಿಸಿದ್ರು, ಅಕ್ಕ" ಎಂದಳು ಕೊನೆಗೆ. "ಅವರು ಹೋದ ಮೇಲೂ ದಿನಾ ಬೆಳಿಗ್ಗೆ ಓದಿದೀನಿ. ಹೊಸ ಪುಸ್ತಕ ಒಂದು ತಗೊಂಡೆ. ಆದ್ರೆ ಬರೆಯೋಕೆ ಕೈ ಬರಲಿಲ್ಲ. ಅಂಚಲ್ಲಿ ಮೊದಲೇ ಬರೆದ ಯಾರ ಅಕ್ಷರಾನೂ ಇರಲಿಲ್ಲವಲ್ಲ."

ರಟ್ಟಮ್ಮ ಕುರ್ಚಿಯಲ್ಲಿ ಕೂತು ಅತ್ತಳು. ಇಷ್ಟು ದಿನ ತಾನು ಕದ್ದದ್ದು ಒಂದು ಪುಸ್ತಕವನ್ನು ಮಾತ್ರ ಎಂದುಕೊಂಡಿದ್ದಳು. ಇದು ಇನ್ನು ನಿನ್ನ ಹತ್ತಿರವೇ ಇರಲಿ ಎಂದು ಹೇಗೋ ಹೇಳಿದಳು. ಕ್ಷಮಿಸಿದೆ ಎಂದು ತಂಗಿ ಹೇಳಲಿಲ್ಲ. ಹೊಲಿಗೆ ನಾನೇ ಹಾಕುತ್ತೇನೆ, ನಿನ್ನ ಹೊಲಿಗೆ ಚಿಕ್ಕಂದಿನಿಂದಲೂ ಸಡಿಲ ಎಂದಳು, ಅಷ್ಟೇ.

ಸಂಜೆ ಮೊಮ್ಮಗಳು ಅಂಗಡಿಗೆ ಬಂದಾಗ ಮೇಜು ಖಾಲಿ. ರಟ್ಟಮ್ಮ ಏನನ್ನೂ ಬಚ್ಚಿಡದೆ ಎಲ್ಲ ಹೇಳಿದಳು. ಕದ್ದದ್ದು, ಹತ್ತೊಂಬತ್ತು ಸಲ ಮುಂದೂಡಿದ್ದು, ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದುದು. ಭಾನುವಾರ ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ ಕಣೇ ಎಂದಳು. ಹುಡುಗಿ ತನ್ನ ನೋಟುಬುಕ್ಕನ್ನು ಖಾಲಿ ಮೇಜಿನ ಮೇಲೆ ಇಟ್ಟಳು.

"ಅಜ್ಜಿ, ಇನ್ಮೇಲೆ ಬೆಳಿಗ್ಗೆ ಚಿಕ್ಕಜ್ಜಿ ಮನೇಲಿ ಓದಲಾ?"

ರಟ್ಟಮ್ಮನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಪುಸ್ತಕ ಹೋಯಿತು, ಈಗ ಹುಡುಗಿಯೂ ಅವಳ ಪಾಲಿಗೇ. ಅದೇ ಹಳೆಯ ಕಿಚ್ಚು, ಅವಳಿಗೆ ಅದರ ಗುರುತು ಚೆನ್ನಾಗಿಯೇ ಸಿಕ್ಕಿತು.

"ಹೋಗು" ಎಂದಳು. "ನಂಗೂ ಪಕ್ಕದಲ್ಲಿ ಒಂದು ಜಾಗ ಹಿಡಿದಿಡು. ನಾನೂ ಕಲಿಯೋಕೆ ಬರ್ತೀನಿ."