ಕಂಡಕ್ಟರಮ್ಮನ ಸಿಲೋನು

ಓಡುವ ಬಸ್ಸಿನಲ್ಲಿ ನಮ್ಮ ಕಂಡಕ್ಟರಮ್ಮ ಏನನ್ನೂ ಹಿಡಿದುಕೊಳ್ಳುತ್ತಿರಲಿಲ್ಲ. ಎಡಗೈಯಲ್ಲಿ ಟಿಕೆಟ್ ಮಷೀನು, ಬಲಗೈಯಲ್ಲಿ ಚಿಲ್ಲರೆ, ಸೊಂಟ ಮಾತ್ರ ಯಾವುದಾದರೊಂದು ಸೀಟಿನ ಕಂಬಿಗೆ ಒರಗಿರುತ್ತಿತ್ತು. ತಿರುವು ಬಂದಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದರೂ ಅವರು ನೆಟ್ಟಗೆ ನಿಂತು, "ಮುಂದೆ ಹೋಗ್ರೀ, ಮುಂದೆ ಜಾಗ ಐತೆ" ಎನ್ನುತ್ತಿದ್ದರು. ಮುಂದೆ ಜಾಗವೇನೂ ಇರುತ್ತಿರಲಿಲ್ಲ, ಆ ಮಾತು ಬೇರೆ. ಮೆಟ್ಟಿಲು ಇಳಿಯಲು ಸೀರೆ ಚೂರು ಮೇಲೆತ್ತಿದಾಗ ಮೀನಖಂಡದ ನರಗಳು ಕಾಣುತ್ತಿದ್ದವು. ನೀಲಿಗಟ್ಟಿ, ಗಂಟುಗಂಟಾಗಿ, ಬಾವಿಯ ಹಗ್ಗದ ಹಾಗಿದ್ದವು.

ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬೆಳಗಿನ ಬಸ್ಸು ಅದು. ನಾನು ಹಳೇಬೀಡಿನ ಶಾಲೆಯಲ್ಲಿ ಟೀಚರ್. ಹದಿನೇಳು ವರ್ಷ ಅದೇ ಬಸ್ಸು, ಹೆಚ್ಚುಕಮ್ಮಿ ಅದೇ ಕಂಡಕ್ಟರಮ್ಮ. ಮೊದಮೊದಲು "ಮೇಡಮ್ಮಾರೇ" ಎನ್ನುತ್ತಿದ್ದವರು ಬರಬರುತ್ತ "ಟೀಚರಮ್ಮ" ಎಂದರು, ಆಮೇಲೆ "ಏನೇ" ಎನ್ನುವಷ್ಟು ಸಲಿಗೆಯಾಯಿತು. ನಾನು ಮಾತ್ರ ಕೊನೆಯವರೆಗೂ ಬಹುವಚನ ಬಿಡಲಿಲ್ಲ. ಅವರ ದನಿಗೆ ಹೆದರುತ್ತಿದ್ದೆ ಎಂದರೂ ತಪ್ಪಿಲ್ಲ.

ನಿವೃತ್ತಿಯಾದ ವಾರಕ್ಕೇ ನಮ್ಮ ಮನೆಗೆ ಬಂದರು. ಖಾಕಿ ಅಂಗಿಯಿಲ್ಲದೆ ಅವರ ಗುರುತೇ ಹತ್ತಲಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ, "ಸಿಲೋನಿಗೆ ಹೋಗಾಣ, ಬತ್ತೀಯೇನೇ?" ಎಂದು ಕೇಳಿದರು. ಶ್ರೀಲಂಕಾ ಎಂದು ಅವರು ಒಂದು ದಿನವೂ ಅಂದವರಲ್ಲ.

ನಾನು ನಕ್ಕುಬಿಟ್ಟೆ. ಶಾಲೆಯ ಪ್ರವಾಸಕ್ಕೂ ಹೊಟ್ಟೆನೋವು ಎಂದು ನೆಪ ಹೇಳಿ ತಪ್ಪಿಸಿಕೊಳ್ಳುವವಳು ನಾನು. ಬೆಂಗಳೂರಿಗೂ ಒಬ್ಬಳೇ ಹೋದವಳಲ್ಲ.

ಅವರು ನಗಲಿಲ್ಲ. "ಪ್ರಪಂಚದ ಜನಾನೆಲ್ಲ ಹಳೇಬೀಡಲ್ಲಿ ಇಳಿಸಿದೀನಿ ಕಣೇ. ಜಪಾನ್‌ನವರು, ಜರ್ಮನಿಯವರು, ಯಾರ್ ಯಾರೋ. ನಾನು ಒಂದಿನ ಒಳಗೆ ಕಾಲಿಟ್ಟಿಲ್ಲ. ಐದು ನಿಮಿಷ ಸ್ಟಾಪು. ಟೀ ಕುಡಿಯೋದ್ರೊಳಗೆ ಡ್ರೈವರ್ ಹಾರನ್ ಹೊಡೀತಾನೆ. ಇಪ್ಪತ್ನಾಕು ವರ್ಷ ಜನಾನ ಇಳ್ಸಿದ್ದಾಯ್ತು. ಇನ್ನು ನಾನು ಇಳೀಬೇಕು."

ಸಿಲೋನೇ ಏಕೆ ಎಂಬುದಕ್ಕೂ ಕಾರಣವಿತ್ತು. ಅವರದು ಬೌದ್ಧರ ಮನೆ. ಅಂಚೆ ಕಚೇರಿಯಲ್ಲಿದ್ದ ಅವರ ಅಪ್ಪ ಅನುರಾಧಪುರದ ಬೋಧಿವೃಕ್ಷದ ಪಟವೊಂದನ್ನು ಗೋಡೆಗೆ ಹಾಕಿ, ನಮ್ಮ ದೇಶದಿಂದ ಹೋದ ಕೊಂಬೆ ಅಲ್ಲಿ ಮರವಾಗಿ ಇನ್ನೂ ಚಿಗುರುತ್ತಿದೆ ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ. ಅಪ್ಪನಿಗೆ ಹೋಗಲು ಆಗಲಿಲ್ಲ. ಮಗಳ ಕಾಲಿಗೆ ಡಾಕ್ಟರು ಒಂದೆರಡು ವರ್ಷದ ಗಡುವು ಕೊಟ್ಟಿದ್ದರು, ಆಮೇಲೆ ನಡೆಯುವುದು ಕಷ್ಟ ಎಂದಿದ್ದರು. ಅಷ್ಟರೊಳಗೆ ಆ ಮರದ ಮುಂದೆ ತಮ್ಮ ಕಾಲಮೇಲೆ ತಾವು ನಿಲ್ಲಬೇಕು ಎಂಬುದು ಕಂಡಕ್ಟರಮ್ಮನ ಹಟ.

ಹಾಸನದಲ್ಲಿ ಪ್ರವಾಸದ ಕಚೇರಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದರು. ಅಲ್ಲಿದ್ದಾತ ಬಣ್ಣದ ಹಾಳೆ ಮುಂದಿಟ್ಟ. ಆರು ದಿನ, ಒಂಬತ್ತು ಊರು, ನಡುವೆ ಎರಡು ಕಾಡು. ಕಂಡಕ್ಟರಮ್ಮ ಕನ್ನಡಕ ಏರಿಸಿ ಸಾಲುಸಾಲೂ ಓದಿದರು. "ಇದ್ರಲ್ಲಿ ಇಳಿಯೋದು ಎಲ್ಲೈತೆ ಸ್ವಾಮಿ?" ಎಂದರು. ಆತನಿಗೆ ಅರ್ಥವಾಗಲಿಲ್ಲ. "ಇದು ಡ್ಯೂಟಿ ಆಯ್ತು, ಟೂರಲ್ಲ. ಏಳೇ, ಹೋಗಾಣ" ಎಂದು ಹೊರಟೇಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ. ನಮ್ಮ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಹರಡಿ ನಾಲ್ಕು ತಿಂಗಳು ಕೂತರು. ಊಟವನ್ನು ನಾವು ಅಡುಗೆಮನೆಯಲ್ಲಿ ನೆಲದ ಮೇಲೆ ಮಾಡಿದೆವು. ಒಂಬತ್ತು ಊರು ನಾಲ್ಕಾದವು: ಅನುರಾಧಪುರ, ಪೊಲೊನ್ನರುವ, ಕ್ಯಾಂಡಿ, ಕೊನೆಗೆ ಚಿರತೆಗಳಿಗೆ ಹೆಸರಾದ ಯಾಲದ ಕಾಡು. ಒಂದೊಂದರಲ್ಲಿ ಕನಿಷ್ಠ ಎರಡು ದಿನ. ದಾರಿಯಲ್ಲಿ ಸಿಗಿರಿಯದ ಬಂಡೆ ಹತ್ತುವುದು. ಬಸ್ಸು ಯಾವುದು, ರೈಲು ಯಾವುದು, ಎಲ್ಲಿ ಹೆಂಗಸರಿಗೆ ಶೌಚಾಲಯ ಸಿಗುತ್ತದೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡರು. "ವಿಮಾನ ಒಂದೂವರೆ ಗಂಟೆ ಅಂತೆ. ಬೇಲೂರಿಗೆ ಹೋದಷ್ಟೇ ಹೊತ್ತು, ಅದಕ್ಯಾಕೆ ಅಷ್ಟು ಮುಖ ಬಾಡಿಸ್ಕೊಂಡಿದೀಯ?" ಎಂದು ನನ್ನನ್ನು ಗದರಿದರು.

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಹೊಸ ರೂಟಿಗೆ ಬಸ್ಸು ಬಿಡುವ ಮೊದಲು ಖಾಲಿ ಬಸ್ಸು ಓಡಿಸಿ ನೋಡಬೇಕಂತೆ. ಹಾಗಾಗಿ ದಸರಾ ರಜೆಯಲ್ಲಿ ನಮ್ಮ ಸೀಮೆಯನ್ನೇ ಸಿಲೋನು ಮಾಡಿದರು. ಹಾರನಹಳ್ಳಿ ಅನುರಾಧಪುರ, ಹಳೇಬೀಡು ಪೊಲೊನ್ನರುವ, ಬೇಲೂರು ಕ್ಯಾಂಡಿ, ಮಾಲೇಕಲ್ಲು ತಿರುಪತಿಯ ಬೆಟ್ಟ ಸಿಗಿರಿಯ. ಪೆಟ್ಟಿಗೆ ಸಮೇತ ಹೊರಡಬೇಕು! ನನ್ನ ಪೆಟ್ಟಿಗೆಯನ್ನು ದಿನಸಿ ಅಂಗಡಿಯ ತಕ್ಕಡಿಗೆ ಹಾಕಿಸಿ, ಎರಡು ರೇಷ್ಮೆ ಸೀರೆ ಎತ್ತಿ ಹೊರಗೆ ಒಗೆದರು. "ಅಲ್ಲೇನು ನಿನ್ನ ಮದುವೆನಾ?" ಪೆಟ್ಟಿಗೆ ಎಳೆದುಕೊಂಡು ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಪರಿಚಯದವರೆಲ್ಲ, "ದೂರ ಹೊರಟಂಗಿದೆ?" ಎಂದು ಕೇಳಿದರು. "ಹೂಂ, ಹಾರನಹಳ್ಳಿಗೆ" ಎಂದೆ. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಹಳೇಬೀಡಿನ ದಿನ ಮಾತ್ರ ಮರೆಯಲಾರೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ದೇವಸ್ಥಾನದ ಗೋಡೆಯ ಮುಂದೆ ನಿಂತವರು ಆನೆಗಳ ಸಾಲನ್ನು ಒಂದು ತುದಿಯಿಂದ ನೋಡುತ್ತ ಹೊರಟರು. ಪ್ರತಿ ಆನೆಯ ಮುಂದೂ ನಿಲ್ಲುವುದು. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲೂ ಮುಗಿದಿರಲಿಲ್ಲ. ನೀರು ತರೋಣ ಎಂದು ಹೊರಗೆ ಬಂದರೆ ಅವರದೇ ಬಸ್ಸು ನಿಂತಿತ್ತು, ಅವರದೇ ಹಳೆಯ ಡ್ರೈವರ್. "ಅಕ್ಕೋ! ಬಾ, ಹತ್ತು, ಅರಸೀಕೆರೆಗೆ ಬಿಡ್ತೀನಿ" ಎಂದು ಕೂಗಿ ಹಾರನ್ ಹೊಡೆದ. ಆ ಸದ್ದಿಗೆ ಕಂಡಕ್ಟರಮ್ಮನ ಕಾಲು ತಾನಾಗಿ ಎರಡು ಹೆಜ್ಜೆ ಓಡಿತು. ಆಮೇಲೆ ನಿಂತರು. "ನೀನು ಹೋಗಪ್ಪ. ನಾನಿವತ್ತು ಇಳಿದಿದೀನಿ" ಎಂದರು. ಬಸ್ಸು ಹೋದಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದರು. ನನಗೂ ಅಳು ಬಂತು.

ಬೆಟ್ಟದ ದಿನ ಎಡವಟ್ಟಾಯಿತು. ಅರ್ಧ ಮೆಟ್ಟಿಲಿಗೇ ಅವರ ಎಡಗಾಲು ಊದಿ ಚಪ್ಪಲಿಯೊಳಗೆ ಹಿಡಿಸದಾಯಿತು. ಇನ್ನು ಸಾಕು, ಮನೆಗೆ ಹೋಗೋಣ, ಸಿಲೋನಿನ ಮಾತು ಬಿಡೋಣ ಎಂದೆ. ಅವರು ಮೆಟ್ಟಿಲ ಮೇಲೆ ಕೂತು, ಚೀಲದಿಂದ ಪುಸ್ತಕ ತೆಗೆದು, ಸಿಗಿರಿಯದ ಮೇಲೆ ಒಂದು ಗೀಟು ಎಳೆದರು. "ಇದನ್ನ ಕೆಳಗಿಂದ ನೋಡಾಣ. ಮುಂದಿನ್ದು ಹೇಳು" ಎಂದರು. ಕಾಲಿಗೆ ಉದ್ದನೆಯ ಬಿಗಿ ಕಾಲುಚೀಲ ತರಿಸಿಕೊಂಡು ಮರುವಾರದಿಂದ ಮತ್ತೆ ಸಂಜೆಯ ನಡಿಗೆ ಶುರುಮಾಡಿದರು.

ಇಬ್ಬರಿಗೂ ವಿಮಾನದ ಟಿಕೆಟ್ ಮಾಡಿಸಿ ಆಗಿತ್ತು. ಹೊರಡಲು ಎರಡು ವಾರವಿದ್ದಾಗ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತು. ಆಸ್ಪತ್ರೆ ಸೇರಿದರು. ಜೀವ ಉಳಿಯಿತು, ವಿಮಾನ ಹತ್ತುವ ಮಾತು ಮುಗಿಯಿತು. ಸುದ್ದಿ ಕೇಳಿದಾಗ, ಸುಳ್ಳೇಕೆ ಹೇಳಲಿ, ಅಯ್ಯೋ ಎನ್ನುವ ಮೊದಲು ನನ್ನ ಮನಸ್ಸು ಸದ್ಯ ಎಂದಿತು. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಮಂಚದ ಪಕ್ಕ ಹೋಗಿ ನಿಂತೆ. ಮುಖ ನೋಡಿದ್ದೇ ತಡ, "ತಪ್ಪಿಸ್ಕೊಂಡೆ ಅಂದ್ಕೊಂಡ್ಯಾ? ನೀನು ಹೋಗ್ತಿದೀಯ" ಎಂದರು.

"ನೀವಿಲ್ದೆ ನಾನೊಬ್ಬಳೇ ಹ್ಯಾಗೆ ಹೋಗ್ಲಿ?"

"ನಾನು ರಜ ಹಾಕಿದ್ ದಿನ ಬಸ್ಸು ನಿಂತ್ಹೋಗ್ತಿತ್ತಾ? ಇನ್ಯಾರೋ ಕಂಡಕ್ಟರ್ ಬತ್ತಿದ್ರು, ನೀನು ಸ್ಕೂಲಿಗೆ ಹೋಗ್ತಿದ್ದೆ. ಇದೂ ಹಂಗೇ." ಉಸಿರು ಸಾಲದೆ ದಿಂಬಿಗೆ ಒರಗಿದರು. "ನಂಗಂತೂ ಆಗ್ಲಿಲ್ಲ ಕಣೇ. ನೀನೂ ಹೋಗ್ದಿದ್ರೆ ನಾನು ಮಾಡಿದ್ದೆಲ್ಲ ಬರೀ ಹಾಳೆ."

ಹೋದೆ. ಹೆದರುತ್ತಲೇ ಹೋದೆ. ಅವರ ಪುಸ್ತಕ ಹೇಳಿದಂತೆ ಬಸ್ಸು ಹತ್ತಿದೆ, ಇಳಿದೆ, ಎರಡೆರಡು ದಿನ ನಿಂತೆ. ಅನುರಾಧಪುರದಲ್ಲಿ ಬಿಳಿ ಬಟ್ಟೆಯ ಜನರ ನಡುವೆ ನಿಂತು ಅವರಿಗೆ ವಿಡಿಯೋ ಕರೆ ಮಾಡಿ ಮರವನ್ನು ತೋರಿಸಹೊರಟೆ. "ಫೋನ್ ಇಡು. ಮೊದ್ಲು ನೀನು ಸರಿಯಾಗಿ ನೋಡು, ಬಂದು ಹೇಳು" ಎಂದು ಅವರೇ ಕರೆ ಕತ್ತರಿಸಿದರು. ಕೈ ಮುಗಿದುಕೊಂಡು ಅಲ್ಲೇ ಕೂತೆ. ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ.

ಊರಿಗೆ ಬಂದವಳು ಮೂರು ಮಧ್ಯಾಹ್ನ ಅವರ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಮರದ ಎಲೆ ಎಳೆಯದಿತ್ತೇ, ಪೊಲೊನ್ನರುವದ ಮಲಗಿದ ಬುದ್ಧನ ಪಾದ ಹೇಗಿದೆ, ಯಾರಾದರೂ ಹೊರಡು ಎಂದು ಅವಸರ ಮಾಡಿದರೇ ಎಂದೆಲ್ಲ ವಿಚಾರಿಸಿದರು. ಕೊನೆಯ ಮಧ್ಯಾಹ್ನ ಮಾತು ಯಾಲದ ಕಾಡಿಗೆ ಬಂತು. ಅವರಿಗೆ ಸಂತೋಷವಾಗಲಿ ಎಂದು, "ಚಿರತೆ ಕಂಡೆ" ಎಂದುಬಿಟ್ಟೆ.

ಕಣ್ಣು ತೆರೆದರು. "ಎಷ್ಟು ದೂರದಲ್ಲಿತ್ತು?"

"ಅಲ್ಲೇ... ಒಂದು ಮರದ ಹತ್ರ" ಎಂದೆ.

"ಟಿಕೆಟ್ ಇಲ್ದೋರ ಮುಖ ನಂಗೆ ಗೊತ್ತಾಗಲ್ವೇನೇ?" ಎಂದು ನಗಲು ಹೋಗಿ ಕೆಮ್ಮಿದರು. ನನ್ನ ಕೈ ಹಿಡಿದುಕೊಂಡರು. "ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅನ್ನು. ಇನ್ನೊಂದ್ಸಲ ಹೋಗು."

ಮುಂದಿನ ತಿಂಗಳು ಅವರು ತೀರಿಕೊಂಡರು. ಮೊನ್ನೆ ಯಾಲಕ್ಕೆ ಮತ್ತೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ಜೊತೆಗೆ ಯಾರು ಬರುತ್ತಾರೆ ಎಂದು ನಮ್ಮನೆಯವರು ಕೇಳಿದರು. ಯಾರೂ ಬೇಡ ಎಂದೆ.